ನೀರು ಕಡೆದು ಶಕ್ತಿಯ ಲೆಕ್ಕ ಬರೆದವನು

ಕೊಟ್ಟೂರಿನ ಗುರು ಬಸವೇಶ್ವರನ ತೇರಿನ ಮಿಣಿಗೆ ನೂರಾರು ಕೈಗಳು ಬಿದ್ದಿವೆ ಎಂದುಕೊಳ್ಳಿ. ಜಯಘೋಷ ಮುಗಿಲು ಮುಟ್ಟುತ್ತಿದೆ, ಎಳೆಯುವವರ ಬೆನ್ನಿನ ಮೇಲೆ ಬೆವರು ಇಳಿಯುತ್ತಿದೆ. ಆದರೆ ತೇರು ಇನ್ನೂ ಕದಲಿಲ್ಲ. ಭೌತವಿಜ್ಞಾನದ ಲೆಕ್ಕದಲ್ಲಿ ಆ ಕ್ಷಣದವರೆಗೆ ತೇರಿನ ಮೇಲೆ ನಡೆದ ಕೆಲಸ ಸೊನ್ನೆ! ಗಾಲಿ ಒಂದು ಗೇಣಾದರೂ ಉರುಳಿದಾಗಲೇ ಕೆಲಸದ ಆರಂಭ. ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ದೊರೆಯುವುದೇ ಕೆಲಸ. ಅದರ ಏಕಮಾನ ಜೌಲ್.

ಹೊಸಪೇಟೆಯೊಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆಯೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. ಈ ಐದು ತಾಲೂಕುಗಳ ಪ್ರೌಢಶಾಲೆಗಳಲ್ಲಿಯೂ, ರಾಜ್ಯದ ಉಳಿದೆಡೆಯಂತೆಯೇ, 'ಕೆಲಸ ಮತ್ತು ಶಕ್ತಿ' ಎಂಬ ಪಾಠದ ಜೊತೆಗೆ ಈ ವ್ಯಾಖ್ಯೆ ಮಕ್ಕಳ ನೋಟುಪುಸ್ತಕ ಸೇರುತ್ತದೆ. ಪರೀಕ್ಷೆಗೆಂದು ಅದನ್ನು ಉರುಹೊಡೆಯುವುದು ಕಷ್ಟವಲ್ಲ. ಆದರೆ ತೇರಿನ ಮಿಣಿ ಹಿಡಿದು ಬಂದ ಹುಡುಗನೊಬ್ಬ, ಕೆಲಸವೇ ಆಗದಿದ್ದರೆ ಆ ಬೆವರೆಲ್ಲ ಯಾವ ಖಾತೆಗೆ ಹೋಯಿತು ಎಂದು ಕೇಳಿದರೆ ವ್ಯಾಖ್ಯೆಯಷ್ಟೇ ಗೊತ್ತಿರುವವರು ತಡವರಿಸಬೇಕಾಗುತ್ತದೆ. ಆ ಖಾತೆಯನ್ನು ತೆರೆದು ಪೈಪೈ ಲೆಕ್ಕ ಬರೆದಿಟ್ಟವನ ಹೆಸರೇ ಪಾಠದ ಏಕಮಾನದ ಹೆಸರಾಗಿದೆ. ಆತ ಪ್ರಾಧ್ಯಾಪಕನಲ್ಲ, ಪದವೀಧರನೂ ಅಲ್ಲ. ಬಿಯರ್ ತಯಾರಿಸುವ ಮನೆತನದ ಹುಡುಗ.

ಜೇಮ್ಸ್ ಪ್ರೆಸ್ಕಾಟ್ ಜೌಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಅಂಟಿಕೊಂಡಿರುವ ಸಾಲ್ಫರ್ಡ್‌ನಲ್ಲಿ. ತಂದೆ ಬೆಂಜಮಿನ್ ಜೌಲ್ ಅನುಕೂಲಸ್ಥ. ಊರಿನಲ್ಲಿ ದೊಡ್ಡ ಬಿಯರ್ ಕಾರ್ಖಾನೆಯಿತ್ತು. ಎರಡನೆಯ ಮಗನಾದ ಜೇಮ್ಸ್‌ಗೆ ಬಾಲ್ಯದಿಂದಲೂ ಬೆನ್ನುಮೂಳೆಯ ದೌರ್ಬಲ್ಯ. ಹೀಗಾಗಿ ಶಾಲೆಯ ಬದಲು ಮನೆಯಲ್ಲಿಯೇ ಪಾಠ. ನಾಚಿಕೆ ಸ್ವಭಾವದ ಈ ಹುಡುಗ ಕೊನೆಯವರೆಗೂ ಸಭೆಯಲ್ಲಿ ಎದ್ದು ನಿಂತು ಮಾತನಾಡಲು ಹಿಂಜರಿಯುತ್ತಿದ್ದ ಎನ್ನುವುದನ್ನು ನೆನಪಿನಲ್ಲಿಡಬೇಕು. ಮುಂದೆ ಅವನಿಗೆ ಎದುರಾದ ಉದಾಸೀನಕ್ಕೆ ಇದೂ ಒಂದು ಕಾರಣ.

ಹದಿನಾರರ ಸುಮಾರಿಗೆ ಜೇಮ್ಸ್ ಮತ್ತು ಅವನ ಅಣ್ಣನನ್ನು ತಂದೆ ಜಾನ್ ಡಾಲ್ಟನ್ ಬಳಿಗೆ ಪಾಠಕ್ಕೆ ಕಳುಹಿಸಿದ. ಪರಮಾಣು ಸಿದ್ಧಾಂತದ ಡಾಲ್ಟನ್ನೇ! ಲೋಕವಿಖ್ಯಾತನಾಗಿದ್ದರೂ ಆತ ಮನೆಪಾಠ ಹೇಳುವುದನ್ನು ಬಿಟ್ಟಿರಲಿಲ್ಲ. ರಸಾಯನದ ಬೆರಗುಗಳನ್ನು ತೋರಿಸುವ ಮೊದಲು ಹುಡುಗರಿಂದ ಅಂಕಗಣಿತ ಮತ್ತು ರೇಖಾಗಣಿತವನ್ನು ಚೆನ್ನಾಗಿ ಮಾಡಿಸಿದ. 1837ರಲ್ಲಿ ಡಾಲ್ಟನ್‌ಗೆ ಪಾರ್ಶ್ವವಾಯು ಬಡಿದು ಪಾಠ ನಿಂತಿತು. ಕಲಿಸಿದ ಕಾಲ ಕಡಿಮೆಯೇ. ಆದರೆ ಅಳತೆಯಿಲ್ಲದೆ ವಿಜ್ಞಾನವಿಲ್ಲವೆಂಬ ಪಾಠ ಜೌಲ್‌ನ ಮೈಗೂಡಿತ್ತು.

ಅವನ ನಿಜವಾದ ಪಾಠಶಾಲೆ ಅಪ್ಪನ ಕಾರ್ಖಾನೆ ಎಂದರೂ ನಡೆಯುತ್ತದೆ. ಬಿಯರ್ ತಯಾರಿಕೆಯಲ್ಲಿ ಉಷ್ಣತೆ ಒಂದೆರಡು ಡಿಗ್ರಿ ಏರುಪೇರಾದರೆ ಇಡೀ ಹಂಡೆಯ ಸರಕು ಕೆಟ್ಟು ನಷ್ಟ. ಅಲ್ಲಿ ಥರ್ಮಾಮೀಟರ್ ಎಂಬುದು ಅಲಂಕಾರದ ಉಪಕರಣವಲ್ಲ, ದುಡಿಮೆಯ ಸಾಧನ. ದಿನವೂ ಅದರ ಪಾದರಸದ ಗೆರೆಯನ್ನು ಓದಿ ಪಳಗಿದ ಕಣ್ಣು ಜೌಲ್‌ನದು. ಬೆಳಗ್ಗೆ ವ್ಯಾಪಾರ, ಬಿಡುವು ಸಿಕ್ಕಾಗ ಮನೆಯ ಪ್ರಯೋಗಶಾಲೆ. ತಂದೆ ಮಗನ ಹುಚ್ಚಿಗೆ ಅಡ್ಡಬರಲಿಲ್ಲ, ಪ್ರಯೋಗಕ್ಕೆಂದು ಮನೆಯಲ್ಲಿಯೇ ಜಾಗ ಮಾಡಿಕೊಟ್ಟ. ಇಂಥ ತಂದೆಯರು ಇತಿಹಾಸದಲ್ಲಿ ಅಡಿಟಿಪ್ಪಣಿಯಾಗಿ ಉಳಿಯುತ್ತಾರೆ!

ಮೊದಲು ಅವನನ್ನು ಸೆಳೆದದ್ದು ವಿದ್ಯುತ್ ಮೋಟಾರು. ಆಗಿನ್ನೂ ಅದು ಕೂಸು. ಕಲ್ಲಿದ್ದಲು ನುಂಗುವ ಉಗಿಯಂತ್ರದ ಜಾಗದಲ್ಲಿ ಬ್ಯಾಟರಿಯ ಮೋಟಾರು ತಂದರೆ ಹೇಗೆ ಎಂಬ ಕನಸು ಯೂರೋಪಿನ ಹಲವರಿಗಿದ್ದಂತೆ ಹತ್ತೊಂಬತ್ತರ ಜೌಲ್‌ಗೂ ಇತ್ತು. ಆದರೆ ಅವನು ವ್ಯಾಪಾರಿಯ ಮಗ. ಒಂದು ಪೌಂಡ್ ಕಲ್ಲಿದ್ದಲು ಎಷ್ಟು ಭಾರ ಎತ್ತುತ್ತದೆ, ಬ್ಯಾಟರಿಯಲ್ಲಿ ಕರಗುವ ಒಂದು ಪೌಂಡ್ ಸತು ಎಷ್ಟು ಎತ್ತುತ್ತದೆ ಎಂದು ಲೆಕ್ಕ ಹಾಕಿದ. ಸತುವಿನ ದುಡಿಮೆ ಕಲ್ಲಿದ್ದಲಿನ ಸುಮಾರು ಐದನೆಯ ಒಂದು ಪಾಲಷ್ಟೇ ಆಗಿತ್ತು. ಬೆಲೆಯೋ ಬಹುಪಾಲು ಹೆಚ್ಚು. ಕನಸು ಅಲ್ಲಿಗೆ ಮುಗಿಯಿತು. ಆದರೆ ಈ ಹುಡುಕಾಟದ ನಡುವೆ ಇನ್ನೊಂದು ಕೈಗೆ ಸಿಕ್ಕಿತ್ತು. ತಂತಿಯಲ್ಲಿ ವಿದ್ಯುತ್ ಹರಿದರೆ ಹುಟ್ಟುವ ಉಷ್ಣ, ವಿದ್ಯುತ್ ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುತ್ತದೆ. 1840ರ ಈ ಶೋಧವೇ ಇಂದು ಪಠ್ಯಪುಸ್ತಕಗಳಲ್ಲಿರುವ ಜೌಲ್‌ನ ನಿಯಮ. ಇಸ್ತ್ರಿಪೆಟ್ಟಿಗೆಯೂ ಗೀಸರೂ ಇದರಂತೆಯೇ ನಡೆಯುತ್ತವೆ. ಆಗ ಅವನಿಗಿನ್ನೂ ಇಪ್ಪತ್ತೆರಡು ತುಂಬಿರಲಿಲ್ಲ.

ಈ ಉಷ್ಣ ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಅಂದಿನ ಬಹುತೇಕ ವಿದ್ವಾಂಸರ ನಂಬಿಕೆಯಲ್ಲಿ ಉಷ್ಣವೆಂಬುದು ಕಣ್ಣಿಗೆ ಕಾಣದ ಒಂದು ದ್ರವ. ಅದಕ್ಕೆ ಕ್ಯಾಲೊರಿಕ್ ಎಂಬ ಹೆಸರೂ ಇತ್ತು. ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಅದು ಹರಿಯುತ್ತದೆ. ಅದನ್ನು ಹುಟ್ಟಿಸಲೂ ಆಗದು, ನಾಶಮಾಡಲೂ ಆಗದು. ಜೌಲ್ ಕೈಯಿಂದ ತಿರುಗಿಸುವ ವಿದ್ಯುತ್ ಯಂತ್ರವೊಂದನ್ನು ಮಾಡಿ, ಅದರ ಸುರುಳಿಯನ್ನು ನೀರಿನೊಳಗಿಟ್ಟು ತಿರುಗಿಸಿದ. ನೀರು ಬಿಸಿಯಾಯಿತು. ಯಂತ್ರದ ಯಾವ ಭಾಗವೂ ತಣ್ಣಗಾಗಲಿಲ್ಲ. ಅಂದರೆ ಉಷ್ಣ ಎಲ್ಲಿಂದಲೋ ಹರಿದು ಬಂದದ್ದಲ್ಲ, ಅಲ್ಲಿಯೇ ಹುಟ್ಟಿದ್ದು. ಹುಟ್ಟಿಸಿದ್ದು ಯಂತ್ರ ತಿರುಗಿಸಿದ ದುಡಿಮೆ!

1843ರ ಆಗಸ್ಟ್‌ನಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಮಾವೇಶದಲ್ಲಿ ಜೌಲ್ ಇದನ್ನು ಮಂಡಿಸಿದ. ಇಷ್ಟು ಕೆಲಸಕ್ಕೆ ಇಷ್ಟು ಉಷ್ಣ ಎಂಬ ಅಂಕಿಯನ್ನೂ ಕೊಟ್ಟ. ಸಭೆ ಮೌನವಾಗಿತ್ತು. ಮರುವರ್ಷ ಗಾಳಿಯನ್ನು ಒತ್ತಿ ಹುಟ್ಟಿಸಿದ ಉಷ್ಣವನ್ನು ಅಳೆದು ಬರೆದ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ ತನ್ನ ಸಂಚಿಕೆಗೆ ಸೇರಿಸಿಕೊಳ್ಳಲಿಲ್ಲ. ಅವನ ಅಂಕಿಗಳು ನಿಂತಿದ್ದದ್ದು ಡಿಗ್ರಿಯ ಹತ್ತನೆಯ, ನೂರನೆಯ ಒಂದು ಭಾಗದ ಮೇಲೆ. ಊರಾಚೆಯ ಬಿಯರ್ ವ್ಯಾಪಾರಿಯೊಬ್ಬ ಅಷ್ಟು ಸೂಕ್ಷ್ಮವಾಗಿ ಅಳೆಯಬಲ್ಲನೆಂದು ನಂಬಲು ಪಂಡಿತರು ಸಿದ್ಧರಿರಲಿಲ್ಲ. ಇದನ್ನು ಅಹಂಕಾರವೆಂದಷ್ಟೇ ತಳ್ಳಿಹಾಕುವಂತಿಲ್ಲ. ಆ ಕಾಲದ ಅನೇಕ ಪ್ರಯೋಗಶಾಲೆಗಳಲ್ಲಿ ಅಂಥ ಥರ್ಮಾಮೀಟರೇ ಇರಲಿಲ್ಲ.

ವಿದ್ವತ್ ಸಭೆಗಳು ಕಿವಿಗೊಡದಾಗ ಜೌಲ್ ಊರಿನ ಜನರ ಮುಂದೆ ನಿಂತ. 1847ರ ಏಪ್ರಿಲ್ 28ರಂದು ಮ್ಯಾಂಚೆಸ್ಟರಿನ ಸೇಂಟ್ ಆ್ಯನ್ಸ್ ಚರ್ಚಿನ ವಾಚನಾಲಯದಲ್ಲಿ ಒಂದು ಉಪನ್ಯಾಸ. ಚಲನೆ ನಿಂತಾಗ ಅದರ ಶಕ್ತಿ ಸಾಯುವುದಿಲ್ಲ, ಉಷ್ಣವಾಗಿ ಉಳಿಯುತ್ತದೆ. ದೇವರು ಸೃಷ್ಟಿಗೆ ಕೊಟ್ಟದ್ದನ್ನು ಮನುಷ್ಯ ಅಳಿಸಲಾರ ಎಂಬ ನಂಬಿಕೆಯೊಂದಿಗೆ ಅವನು ತನ್ನ ಪ್ರಯೋಗಗಳನ್ನು ಸರಳವಾಗಿ ವಿವರಿಸಿದ. ಅದನ್ನು ಪೂರ್ತಿಯಾಗಿ ಅಚ್ಚುಹಾಕಿದ್ದು ವಿಜ್ಞಾನ ಪತ್ರಿಕೆಯಲ್ಲ, 'ಮ್ಯಾಂಚೆಸ್ಟರ್ ಕುರಿಯರ್' ಎಂಬ ಊರಿನ ವೃತ್ತಪತ್ರಿಕೆ. ಅಣ್ಣ ಆ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದುದು ನೆರವಿಗೆ ಬಂತು. ಹತ್ತೊಂಬತ್ತನೆಯ ಶತಮಾನದ ಅತಿದೊಡ್ಡ ವೈಜ್ಞಾನಿಕ ವಿಚಾರಗಳಲ್ಲೊಂದು ಹೀಗೆ ದಿನದ ಸುದ್ದಿ, ಜಾಹೀರಾತುಗಳ ನಡುವೆ ಲೋಕಕ್ಕೆ ಬಂತು.

ಅದೇ ಜೂನ್‌ನಲ್ಲಿ ಆಕ್ಸ್‌ಫರ್ಡ್ ಸಮಾವೇಶ. ಸಮಯವಿಲ್ಲ, ಪ್ರಬಂಧ ಓದದೆ ಚುಟುಕಾಗಿ ಹೇಳಿ ಮುಗಿಸಿ ಎಂದು ಅಧ್ಯಕ್ಷರ ಸೂಚನೆ. ಹೇಳಿ ಮುಗಿಸಿದ. ಅಲ್ಲಿಗೂ ಮಾತು ಬಿದ್ದುಹೋಗುತ್ತಿತ್ತೋ ಏನೋ. ಆದರೆ ಕೇಳುತ್ತಿದ್ದವರಲ್ಲಿ ವಿಲಿಯಂ ಥಾಮ್ಸನ್ ಎಂಬ ತರುಣ ಪ್ರಾಧ್ಯಾಪಕನಿದ್ದ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು. ಮೊದಲು ಜೌಲ್ ಹೇಳಿದ್ದು ತಪ್ಪೆಂದೇ ಅವನಿಗೆ ಅನಿಸಿತ್ತು. ಕೇಳುತ್ತ ಹೋದಂತೆ, ಸುಲಭವಾಗಿ ತಳ್ಳಿಹಾಕುವ ಮಾತಲ್ಲವೆಂದು ಮನವರಿಕೆಯಾಯಿತು. ಇಬ್ಬರ ಗೆಳೆತನ ಬದುಕಿನುದ್ದಕ್ಕೂ ಉಳಿಯಿತು.

ಆ ಆಗಸ್ಟ್‌ನಲ್ಲಿ ಜೌಲ್ ಅಮೀಲಿಯಾ ಗ್ರೈಮ್ಸ್‌ಳನ್ನು ಮದುವೆಯಾದ. ನವದಂಪತಿ ಆಲ್ಪ್ಸ್ ಪರ್ವತಕ್ಕೆ ಹೋದಾಗ, ಜೌಲ್ ಉದ್ದನೆಯ ಥರ್ಮಾಮೀಟರ್ ಹಿಡಿದು ಜಲಪಾತದ ನೆತ್ತಿಯ ನೀರಿಗಿಂತ ಬುಡದ ನೀರು ಎಷ್ಟು ಬಿಸಿಯೆಂದು ಅಳೆಯಲು ಹೊರಟಿದ್ದ ಎಂಬ ಕಥೆಯನ್ನು ಥಾಮ್ಸನ್ ಬಹಳ ವರ್ಷಗಳ ಬಳಿಕ ಹೇಳಿದ. ದಾರಿಯಲ್ಲಿ ಇಬ್ಬರೂ ಭೇಟಿಯಾದದ್ದು ನಿಜ. ಥರ್ಮಾಮೀಟರಿನ ಸಂಗತಿಯನ್ನು ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ. ಆದರೆ ವಿಚಾರ ಜೌಲ್‌ನದೇ. ನಯಾಗರದ ನೀರು 160 ಅಡಿ ಬಿದ್ದಾಗ ಫ್ಯಾರನ್‌ಹೀಟ್ ಅಳತೆಯಲ್ಲಿ ಡಿಗ್ರಿಯ ಐದನೆಯ ಒಂದು ಭಾಗದಷ್ಟು ಬಿಸಿಯಾಗಬೇಕೆಂದು ಅವನು ಎರಡು ವರ್ಷ ಮೊದಲೇ ಬರೆದಿದ್ದ. ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯವರೆಗೂ ಹಿನ್ನೀರು ಚಾಚಿರುವ ತುಂಗಭದ್ರಾ ಅಣೆಕಟ್ಟೆಗೆ ಇದೇ ಲೆಕ್ಕ ಹಾಕಬಹುದು. ಅಣೆಕಟ್ಟೆಯ ಎತ್ತರ ಸುಮಾರು 49 ಮೀಟರ್. ಅಷ್ಟು ಎತ್ತರದಿಂದ ನೀರು ಸುಮ್ಮನೆ ಬಿದ್ದರೆ ಒಂದು ಡಿಗ್ರಿ ಸೆಲ್ಸಿಯಸ್‌ನ ಒಂಬತ್ತನೆಯ ಒಂದು ಭಾಗದಷ್ಟು ಬಿಸಿಯಾಗುತ್ತದೆ. ಅದೇ ನೀರು ವಿದ್ಯುದಾಗಾರದ ಟರ್ಬೈನನ್ನು ತಿರುಗಿಸಿ ಬಂದರೆ ಅಷ್ಟು ಬಿಸಿಯಾಗದು. ಆ ಪಾಲಿನ ಶಕ್ತಿ ತಂತಿ ಹಿಡಿದು ಊರಿಗೆ ಹೋಗಿರುತ್ತದೆ.

ನೀರು ಕಡೆದರೆ ಬೆಣ್ಣೆ ಬಂದೀತೇ ಎಂಬುದು ನಮ್ಮ ಗಾದೆ. ಜೌಲ್ ನೀರನ್ನೇ ಕಡೆದ, ಮತ್ತು ಬರಿಗೈಯಲ್ಲಿ ಏಳಲಿಲ್ಲ. ಅವನ ಪ್ರಸಿದ್ಧ ಪ್ರಯೋಗದ ಸಾಧನವನ್ನು ಹಳ್ಳಿಯ ಯಾರಿಗಾದರೂ ಒಂದೇ ಮಾತಿನಲ್ಲಿ ವಿವರಿಸಬಹುದು: ಮುಚ್ಚಿದ ತಾಮ್ರದ ಪಾತ್ರೆ, ಅದರೊಳಗೆ ಹಿತ್ತಾಳೆಯ ಕಡೆಗೋಲು. ಕಡೆಗೋಲಿಗೆ ಎಂಟು ಸಾಲು ಅಲಗುಗಳು. ನೀರು ಅಲಗಿನ ಜೊತೆಗೇ ಸುತ್ತದಿರಲೆಂದು ಪಾತ್ರೆಯ ಒಳಗೋಡೆಗೆ ನಾಲ್ಕು ಸಾಲು ಅಡ್ಡ ಹಲಗೆಗಳು. ಕಡೆಗೋಲಿನ ಹಗ್ಗ ಎಡಬಲದ ರಾಟೆಗಳ ಮೇಲೆ ಹಾದು ಎರಡು ಸೀಸದ ಗುಂಡುಗಳಿಗೆ ಕಟ್ಟಿದೆ. ಒಂದೊಂದು ಗುಂಡೂ ಸುಮಾರು 13 ಕಿಲೋ. ಗುಂಡುಗಳು ನಿಧಾನವಾಗಿ 63 ಅಂಗುಲ ಇಳಿಯುತ್ತವೆ, ಕಡೆಗೋಲು ತಿರುಗುತ್ತದೆ. ನೆಲ ಮುಟ್ಟಿದ ಮೇಲೆ ಮತ್ತೆ ಸುತ್ತಿ ಮೇಲೇರಿಸಬೇಕು. ಹೀಗೆ ಇಪ್ಪತ್ತು ಸಲ. ಅರ್ಧ ಗಂಟೆಗೂ ಮಿಕ್ಕಿದ ಈ ದುಡಿಮೆಯ ಕೊನೆಗೆ ಪಾತ್ರೆಯ ಆರು ಲೀಟರಿಗೂ ಹೆಚ್ಚಿನ ನೀರು ಬಿಸಿಯಾಗುತ್ತಿದ್ದದ್ದು ಎಷ್ಟು ಗೊತ್ತೇ? ಸೆಲ್ಸಿಯಸ್ ಅಳತೆಯಲ್ಲಿ ಒಂದು ಡಿಗ್ರಿಯ ಮೂರನೆಯ ಒಂದು ಭಾಗಕ್ಕೂ ತುಸು ಕಡಿಮೆ!

ಅದನ್ನು ಓದಲು ಮ್ಯಾಂಚೆಸ್ಟರಿನ ಉಪಕರಣ ತಯಾರಕ ಡಾನ್ಸರ್ ಮಾಡಿಕೊಟ್ಟ ಥರ್ಮಾಮೀಟರುಗಳಿದ್ದವು. ಗೆರೆಗಳ ನಡುವಿನ ಅಂತರವನ್ನು ಕಣ್ಣಿನಿಂದಲೇ ಅಂದಾಜಿಸಿ, ಫ್ಯಾರನ್‌ಹೀಟ್ ಡಿಗ್ರಿಯ ಇನ್ನೂರನೆಯ ಒಂದು ಭಾಗವನ್ನು ಜೌಲ್ ಓದುತ್ತಿದ್ದ. ಪ್ರಯೋಗ ನಡೆದದ್ದು ಉಷ್ಣತೆ ಅಷ್ಟಾಗಿ ಬದಲಾಗದ ನೆಲಮಾಳಿಗೆಯಲ್ಲಿ. ಕೋಣೆಯಿಂದ ಪಾತ್ರೆಗೆ ಬಂದ ಉಷ್ಣ, ರಾಟೆಯ ಘರ್ಷಣೆ, ನೆಲಕ್ಕೆ ಬಡಿಯುವಾಗ ಗುಂಡಿನಲ್ಲಿ ಉಳಿದ ವೇಗ, ಹೀಗೆ ಒಂದೊಂದನ್ನೂ ಕಳೆದು ಕೂಡಿ ಲೆಕ್ಕ ಸರಿಪಡಿಸಿದ. ನೀರಿನಲ್ಲಿ ನಲವತ್ತು ಸಲ ಮಾಡಿದ್ದಲ್ಲದೆ ಪಾದರಸವನ್ನು ಕಡೆದ, ಕಬ್ಬಿಣಕ್ಕೆ ಕಬ್ಬಿಣವನ್ನು ಉಜ್ಜಿದ. ಬಂದ ಅಂಕಿಗಳು 772, 774, 775ರ ಆಸುಪಾಸು. ಅಂದರೆ 772 ಪೌಂಡ್ ಭಾರ ಒಂದು ಅಡಿ ಇಳಿದರೆ, ಒಂದು ಪೌಂಡ್ ನೀರಿನ ಉಷ್ಣತೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ. ಇಂದಿನ ಏಕಮಾನಕ್ಕೆ ತಂದರೆ ಒಂದು ಗ್ರಾಂ ನೀರಿಗೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ 4.15 ಜೌಲ್. ಪಠ್ಯಪುಸ್ತಕಗಳು ಇಂದು ಕೊಡುವ ಅಂಕಿ 4.186. ವ್ಯತ್ಯಾಸ ನೂರಕ್ಕೆ ಒಂದರಷ್ಟೂ ಇಲ್ಲ.

ಈ ಪ್ರಯೋಗ ಪುಸ್ತಕದಲ್ಲಿ ಕಾಣುವಷ್ಟು ಸುಲಭವಲ್ಲ. ಜರ್ಮನಿಯ ವಿಜ್ಞಾನ ಇತಿಹಾಸಕಾರ ಒಟ್ಟೊ ಸಿಬುಮ್ 1990ರ ದಶಕದಲ್ಲಿ ಅಂಥದೇ ಸಾಧನ ಮಾಡಿಸಿ ಪ್ರಯೋಗವನ್ನು ಮತ್ತೆ ನಡೆಸಿದಾಗ, ಗುಂಡುಗಳನ್ನು ಎತ್ತೆತ್ತಿ ದಣಿದ ಮನುಷ್ಯನ ಮೈಬಿಸಿಯೇ ಕೋಣೆಯ ಉಷ್ಣತೆಯನ್ನು ಏರುಪೇರು ಮಾಡುತ್ತಿತ್ತು. ಜೌಲ್‌ನ ನಿಖರತೆ ಬರೀ ಸಾಧನದಲ್ಲಿರಲಿಲ್ಲ, ಬಿಯರ್ ಹಂಡೆಗಳ ನಡುವೆ ಪಳಗಿದ ಕೈ ಮತ್ತು ಕಣ್ಣುಗಳಲ್ಲಿತ್ತು ಎಂಬುದು ಆಗ ಇನ್ನಷ್ಟು ಸ್ಪಷ್ಟವಾಯಿತು.

1849ರ ಜೂನ್‌ನಲ್ಲಿ ಈ ಪ್ರಬಂಧವನ್ನು ರಾಯಲ್ ಸೊಸೈಟಿಯ ಮುಂದಿಟ್ಟವನು ಮೈಕೆಲ್ ಫ್ಯಾರಡೆ. ಈ ಬಾರಿ ಬಾಗಿಲು ತೆರೆಯಿತು, ಆದರೆ ಪೂರ್ತಿಯಾಗಿ ಅಲ್ಲ. ಘರ್ಷಣೆಯೆಂದರೆ ಯಾಂತ್ರಿಕ ಕೆಲಸ ಉಷ್ಣವಾಗಿ ಮಾರ್ಪಡುವುದೇ ಎಂಬ ಮೂರನೆಯ ತೀರ್ಮಾನವನ್ನು ಅಚ್ಚಿಗೆ ಮುನ್ನ ಕೈಬಿಡಬೇಕೆಂದು ಪರಿಶೀಲನಾ ಸಮಿತಿ ಬಯಸಿತು. ಜೌಲ್ ಕೈಬಿಟ್ಟ. ಅಂಕಿಗಳನ್ನು ಒಪ್ಪಿ, ಅವು ಹೇಳುವುದನ್ನು ಒಪ್ಪದ ಸಮಿತಿಗಳು ಎಲ್ಲ ಕಾಲಕ್ಕೂ ಇರುತ್ತವೆ! ಆದರೂ 1850ರಲ್ಲಿ ಪ್ರಬಂಧ ಪ್ರಕಟವಾಯಿತು, ಅದೇ ವರ್ಷ ಜೌಲ್ ಸೊಸೈಟಿಯ ಸದಸ್ಯನಾದ. ಕೆಲವೇ ವರ್ಷಗಳಲ್ಲಿ ಅವನು ಕೈಬಿಟ್ಟ ಆ ಸಾಲು ಭೌತವಿಜ್ಞಾನದ ಮೂಲಪಾಠವಾಯಿತು.

ತೇರಿನ ಬೆವರಿಗೂ ಉತ್ತರ ಇಲ್ಲಿಯೇ ಇದೆ. ಕದಲದ ತೇರನ್ನು ಎಳೆಯುವವನ ಸ್ನಾಯುಗಳು ಉಂಡ ಅನ್ನದ ಶಕ್ತಿಯನ್ನು ಖರ್ಚು ಮಾಡುತ್ತಲೇ ಇರುತ್ತವೆ. ತೇರಿಗೆ ಏನೂ ತಲುಪದಿದ್ದರೂ ಆ ಶಕ್ತಿ ಮೈಯ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಹಾಕಲೆಂದೇ ಮೈ ಬೆವರುತ್ತದೆ.

ಜೌಲ್ ಮನೆಯಲ್ಲಿ ಮಾಡಿದ್ದನ್ನು ಶಾಲೆಯಲ್ಲಿ ಮಾಡಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ಕೊಳವೆಗೆ ಸೈಕಲ್ ಅಂಗಡಿಯ ಉಕ್ಕಿನ ಬೇರಿಂಗ್ ಗುಂಡುಗಳನ್ನು ಒಂದಿಷ್ಟು ಹಾಕಿ, ಎರಡೂ ಬಾಯಿ ಮುಚ್ಚಿ, ಐವತ್ತು ಸಲ ತಲೆಕೆಳಗು ಮಾಡಿದರೆ ಗುಂಡುಗಳು ಒಟ್ಟು ಐವತ್ತು ಮೀಟರ್ ಬಿದ್ದಂತಾಯಿತು. ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗಿ, ಚಲನ ಶಕ್ತಿ ಉಷ್ಣವಾಗಿ ಗುಂಡುಗಳು ಸುಮಾರು ಒಂದು ಡಿಗ್ರಿ ಬಿಸಿಯಾಗಬೇಕು. ಒಂದು ಹಿಡಿ ಗುಂಡಾದರೂ ಎರಡು ಹಿಡಿಯಾದರೂ ಲೆಕ್ಕಕ್ಕೆ ಬರುವುದು ಅಷ್ಟೇ ಎಂಬುದೇ ಮಕ್ಕಳಿಗೆ ಮೊದಲ ಅಚ್ಚರಿ. ಅಳೆದಾಗ ಒಂದು ಡಿಗ್ರಿಗಿಂತ ಕಡಿಮೆ ಬಂದರೆ, ಉಳಿದದ್ದು ಕೊಳವೆಗೋ ಗಾಳಿಗೋ ಹೋಗಿರಬೇಕೆಂದು ಹುಡುಕುವುದು ಎರಡನೆಯ ಪಾಠ. ಜೌಲ್‌ನ ವರ್ಷಗಳೆಲ್ಲ ಕಳೆದದ್ದು ಈ ಎರಡನೆಯ ಪಾಠದಲ್ಲಿಯೇ.

ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಹೊಲಗಳಲ್ಲಿ ಬೆಳೆಯುವ ಶೇಂಗಾ ಕೂಡ ಪಾಠಕ್ಕೆ ಒದಗುತ್ತದೆ. ಒಂದು ಗ್ರಾಂ ಶೇಂಗಾಬೀಜದಲ್ಲಿ ಸುಮಾರು 24,000 ಜೌಲ್ ಶಕ್ತಿಯಿದೆ. ಅರ್ಧ ಗ್ರಾಮಿನ ಬೀಜವೊಂದನ್ನು ಸೂಜಿಗೆ ಚುಚ್ಚಿ, ಮೇಷ್ಟರ ಕಣ್ಣೆದುರಿನಲ್ಲಿ ಹೊತ್ತಿಸಿ, 50 ಮಿಲಿಲೀಟರ್ ನೀರಿನ ಪಾತ್ರೆಯ ಕೆಳಗೆ ಹಿಡಿದರೆ ಲೆಕ್ಕದ ಪ್ರಕಾರ ನೀರು 57 ಡಿಗ್ರಿಯಷ್ಟು ಬಿಸಿಯೇರಬೇಕು. ತರಗತಿಯಲ್ಲಿ ಅದರ ಅರ್ಧವೂ ಏರುವುದು ಕಷ್ಟ. ಇನ್ನು ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತುವ 40 ಕಿಲೋ ತೂಕದ ಹುಡುಗಿ ಪ್ರತಿ ನೂರು ಮೀಟರ್ ಎತ್ತರಕ್ಕೆ ಗುರುತ್ವದ ವಿರುದ್ಧ ಮಾಡುವ ಕೆಲಸ 39,200 ಜೌಲ್. ಎರಡು ಗ್ರಾಂ ಶೇಂಗಾಕ್ಕೂ ಕಡಿಮೆ! ಮೈ ತಾನು ಖರ್ಚು ಮಾಡಿದ ಶಕ್ತಿಯ ಸುಮಾರು ಕಾಲುಭಾಗವನ್ನಷ್ಟೇ ಕೆಲಸವಾಗಿಸಬಲ್ಲದು ಎಂದು ಹಿಡಿದರೂ ಏಳು ಗ್ರಾಂ ಸಾಕು. ಮಿಕ್ಕ ಮುಕ್ಕಾಲು ಮತ್ತೆ ಬೆವರಿನ ಖಾತೆಗೆ.

ಜೌಲ್‌ನ ಮನೆಯ ಬದುಕು ಸುಖದ್ದಾಗಿರಲಿಲ್ಲ. 1854ರಲ್ಲಿ ಅಮೀಲಿಯಾ ತೀರಿಕೊಂಡಳು. ಅದೇ ವರ್ಷ ಹಸುಗೂಸೊಂದನ್ನೂ ಕಳೆದುಕೊಂಡ. ಉಳಿದವರು ಒಬ್ಬ ಮಗ, ಒಬ್ಬಳು ಮಗಳು. ಅವನು ಮತ್ತೆ ಮದುವೆಯಾಗಲಿಲ್ಲ. ಕಾರ್ಖಾನೆಯನ್ನೂ ಆ ವರ್ಷವೇ ಮಾರಲಾಯಿತು. ಆ ದಶಕದಲ್ಲಿ ಅವನಿಗೆ ಆಸರೆಯಾದದ್ದು ಥಾಮ್ಸನ್ ಜೊತೆಗಿನ ಕೆಲಸ. ಒತ್ತಡದಲ್ಲಿರುವ ಅನಿಲವನ್ನು ಸೂಕ್ಷ್ಮ ರಂಧ್ರಗಳ ಮೂಲಕ ಹಿಗ್ಗಗೊಟ್ಟರೆ ಸಾಮಾನ್ಯವಾಗಿ ಅದು ತಣ್ಣಗಾಗುತ್ತದೆಂದು ಇಬ್ಬರೂ ತೋರಿಸಿದರು. ಗಾಳಿಯನ್ನು ದ್ರವವಾಗಿಸುವ ಉದ್ಯಮ ಮುಂದೆ ಇದರ ಮೇಲೆಯೇ ನಿಂತಿತು.

ಕೀರ್ತಿ ಬಂದಾಗ ಜಗಳವೂ ಬಂತು. ಜರ್ಮನಿಯ ವೈದ್ಯ ಮೇಯರ್ 1842ರಲ್ಲಿಯೇ ಕೆಲಸ ಮತ್ತು ಉಷ್ಣದ ಸಮಾನತೆಯನ್ನು ಹೇಳಿದ್ದ. 1860ರ ದಶಕದಲ್ಲಿ ಯಾರು ಮೊದಲು ಎಂಬ ವಾದ ಬ್ರಿಟನ್ನಿನಲ್ಲಿ ಜೋರಾಗಿ ನಡೆಯಿತು. ವಿಚಾರ ಮೇಯರ್‌ಗೆ ಮೊದಲು ಹೊಳೆದಿತ್ತು ಎನ್ನುವುದನ್ನು ಒಪ್ಪಲೇಬೇಕು. ಅದನ್ನು ಕೈಯಿಂದ ಮಾಡಿ, ಸಂದೇಹಕ್ಕೆ ಎಡೆಯಿಲ್ಲದಂತೆ ಅಳೆದದ್ದು ಜೌಲ್. ರಾಯಲ್ ಸೊಸೈಟಿ ಇಬ್ಬರಿಗೂ ತನ್ನ ಕಾಪ್ಲಿ ಪದಕ ಕೊಟ್ಟಿತು: ಜೌಲ್‌ಗೆ 1870ರಲ್ಲಿ, ಮೇಯರ್‌ಗೆ ಮರುವರ್ಷ.

ಅವನ ಹಟ ವಯಸ್ಸಾದರೂ ಇಳಿಯಲಿಲ್ಲ. 1867ರಲ್ಲಿ ವಿದ್ಯುತ್ ವಿಧಾನದಿಂದ ಅಳೆದಾಗ 783 ಎಂಬ ಅಂಕಿ ಬಂತು. ಹಳೆಯ 772ಕ್ಕೂ ಇದಕ್ಕೂ ತಾಳೆಯಿಲ್ಲ. ಎರಡರಲ್ಲಿ ಒಂದು ತಪ್ಪು. ಅರವತ್ತರ ಹೊಸ್ತಿಲಲ್ಲಿ ಜೌಲ್ ಮತ್ತೆ ಕಡೆಗೋಲು ಹಿಡಿದ. 1878ರಲ್ಲಿ ಪ್ರಕಟಿಸಿದ ಅಂಕಿ 772.55. ತಪ್ಪು ಇದ್ದದ್ದು ವಿದ್ಯುತ್ ರೋಧದ ಅಂದಿನ ಮಾನಕದಲ್ಲಿ! ಅಷ್ಟರಲ್ಲಿ ಅವನ ಆಸ್ತಿ ಕರಗಿತ್ತು. ಸ್ವಂತ ದುಡ್ಡಿನಲ್ಲಿ ಜೀವಮಾನವಿಡೀ ಪ್ರಯೋಗ ಮಾಡಿದವನಿಗೆ ಆ ವರ್ಷ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಗೊತ್ತುಮಾಡಿತು.

1882ರಲ್ಲಿ ಎಂಜಿನಿಯರ್ ವಿಲಿಯಂ ಸೀಮೆನ್ಸ್, ಶಕ್ತಿಯ ಏಕಮಾನಕ್ಕೆ ಜೌಲ್‌ನ ಹೆಸರಿಡಬೇಕೆಂದು ಸೂಚಿಸಿದ. 1889ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಅದನ್ನು ಅಂಗೀಕರಿಸಿತು. ಆರು ವಾರಗಳ ಬಳಿಕ, ಅಕ್ಟೋಬರ್ 11ರಂದು, ಮ್ಯಾಂಚೆಸ್ಟರ್ ಸಮೀಪದ ಸೇಲ್‌ನ ಮನೆಯಲ್ಲಿ ಜೌಲ್ ಕೊನೆಯುಸಿರೆಳೆದ. ಮ್ಯಾಂಚೆಸ್ಟರ್ ಪುರಭವನದ ಪ್ರವೇಶದ್ವಾರದಲ್ಲಿ ಅವನ ಪ್ರತಿಮೆ ಗುರು ಡಾಲ್ಟನ್‌ನ ಪ್ರತಿಮೆಗೆ ಎದುರಾಗಿ ಕುಳಿತಿದೆ. ಸೇಲ್‌ನ ಬ್ರೂಕ್‌ಲ್ಯಾಂಡ್ಸ್ ಸ್ಮಶಾನದಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಜೊತೆಗೆ ಒಂದು ಅಂಕಿಯನ್ನು ಕೆತ್ತಿದ್ದಾರೆ: 772.55.